ಡಾಕ್ಟರ್ ಸಂಗಮೇಶ್ವರರ ಏಳು ಲಕ್ಷ

ಸೇಡಂ ಬಸ್ ನಿಲ್ದಾಣದ ಎದುರಿಗೆ, ಗೊಬ್ಬರದಂಗಡಿಯ ಮೇಲಿನ ಮಹಡಿಯಲ್ಲಿ ಡಾಕ್ಟರ್ ಸಂಗಮೇಶ್ವರರ ಹಲ್ಲಿನ ದವಾಖಾನೆ. ಹದಿನೇಳು ವರ್ಷಗಳಿಂದ ಅವರು ಆ ಊರಿನ ಬಾಯಿಗಳೊಳಗೆ ಬೆಳಕು ಬಿಟ್ಟು ಇಣುಕಿದ್ದರು. ಯಾರ ದವಡೆಯಲ್ಲಿ ಗುಟ್ಕಾ, ಯಾರ ದವಡೆಯಲ್ಲಿ ತಂಬಾಕು, ಯಾರು ಸಕ್ಕರೆ ಬಿಟ್ಟೆನೆಂದು ಮನೆಯಲ್ಲಿ ಹೇಳಿ ಪೇಟೆಯಲ್ಲಿ ಜಿಲೇಬಿ ತಿನ್ನುತ್ತಾರೆ, ಎಲ್ಲವೂ ಅವರಿಗೆ ಗೊತ್ತಿತ್ತು. ಆದರೆ ಒಂದು ಮಾತು ಬಾಯಿಂದ ಹೊರಬಿದ್ದ ಮೇಲೆ ಎಲ್ಲೆಲ್ಲಿಗೆ ಹೋಗುತ್ತದೆ ಎಂಬುದು ಮಾತ್ರ ಅವರ ವಿದ್ಯೆಗೆ ಸೇರಿದ್ದಾಗಿರಲಿಲ್ಲ. ಅದನ್ನು ಅವರು ಕಲಿತದ್ದು ಕಳೆದ ವರ್ಷ, ಶಹಾಬಾದಿನಲ್ಲಿ, ಒಂದು ಊಟದ ಹೊತ್ತಿನಲ್ಲಿ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಈ ಕಡೆಯ ದಂತವೈದ್ಯರೆಲ್ಲ ಒಂದೆಡೆ ಸೇರಿದರೆ ಒಂದು ಜೀಪು ತುಂಬಿ ಇಬ್ಬರು ಉಳಿಯುತ್ತಾರೆ. ವರ್ಷಕ್ಕೊಮ್ಮೆ ಅವರದ್ದೊಂದು ಸಭೆ. ಆ ಸಲ ಹೈದರಾಬಾದಿನಿಂದ ಕೋಟು ಹಾಕಿದ ತಜ್ಞರೊಬ್ಬರನ್ನು ಕರೆಸಿದ್ದರು. ದವಾಖಾನೆಯ ಹಣವನ್ನು ನೌಕರರು ಹೇಗೆ ನುಂಗುತ್ತಾರೆ, ಅದನ್ನು ಹಿಡಿಯುವುದು ಹೇಗೆ, ತಡೆಯುವುದು ಹೇಗೆ ಎಂಬುದು ಉಪನ್ಯಾಸದ ವಿಷಯ. ತಜ್ಞರು ಗೋಡೆಯ ಮೇಲೆ ಚಿತ್ರ ಬೀಳಿಸಿ ವಿವರಿಸಿದರು. ಕಳ್ಳನೆಂದರೆ ಮುಖ ಮುಚ್ಚಿಕೊಂಡು ಬರುವವನಲ್ಲ. ಎಲ್ಲರಿಗಿಂತ ಮೊದಲು ಬರುವವನು, ಎಲ್ಲರಿಗಿಂತ ಕೊನೆಗೆ ಹೋಗುವವನು, ಎಂದೂ ರಜೆ ಕೇಳದವನು, ಹಣದ ಡ್ರಾವನ್ನು ಬೇರೆಯವರಿಗೆ ಮುಟ್ಟಗೊಡದವನು.

ಸಂಗಮೇಶ್ವರರು ಎರಡನೆಯ ಸಾಲಿನಲ್ಲಿ ಕೂತು ತಲೆದೂಗಿದರು. ಅವರ ದವಾಖಾನೆಯ ಮುಂದಿನ ಟೇಬಲ್ಲಿನಲ್ಲಿ ಹನ್ನೊಂದು ವರ್ಷಗಳಿಂದ ಕೂತು ಹೆಸರು ಬರೆದು, ಫೀಸು ಇಸಕೊಂಡು, ರಸೀದಿ ಕೊಡುತ್ತಿದ್ದ ಉಮಾದೇವಿಯವರಿಗೆ ಈ ಎಲ್ಲ ಲಕ್ಷಣಗಳೂ ಇದ್ದವು. ಅದರಿಂದ ಅವರಿಗೇನೂ ಗಾಬರಿಯಾಗಲಿಲ್ಲ. ಉಮಾದೇವಿಯವರ ಗುಣ ಅವರಿಗೆ ಗೊತ್ತಿತ್ತು. ಅಲ್ಲದೆ, ಅಂಥ ದೊಡ್ಡ ರೋಗ ಬರುವಷ್ಟು ಮೈಯೇ ತಮ್ಮ ದವಾಖಾನೆಗೆ ಇಲ್ಲ ಎಂಬುದೂ ಗೊತ್ತಿತ್ತು.

ಅನಾಹುತವಾದದ್ದು ಊಟದಲ್ಲಿ. ಚಿತ್ತಾಪುರದ ಡಾಕ್ಟರ್ ಆನಂದಕುಮಾರರಿಗೆ ಎರಡು ಕುರ್ಚಿಗಳ ದವಾಖಾನೆ, ಕಾಯುವ ಕೋಣೆಯಲ್ಲೂ ಏಸಿ. ಅವರು ಶೇಂಗಾ ಹೋಳಿಗೆಯನ್ನು ತುಪ್ಪದಲ್ಲಿ ಅದ್ದುತ್ತ, ಮಳೆ ಬಂತೆಂದು ಹೇಳುವಷ್ಟು ಸಹಜವಾಗಿ, ತಮ್ಮಲ್ಲಿ ಹೋದ ವರ್ಷ ಮೂರು ಲಕ್ಷ ಹೋಯಿತು ಎಂದರು.

"ಕಂಪೌಂಡರ್ ತಗೊಂಡು ಹೋಗ್ಯಾನ. ನನಗ ಗೊತ್ತೇ ಆಗಿಲ್ಲ ನೋಡ್ರಿ."

ಊಟದ ಮನೆ ನಿಶ್ಶಬ್ದವಾಯಿತು. ಅದು ಸಂತಾಪದ ಮೌನವಲ್ಲ, ಗೌರವದ ಮೌನ. ಮೂರು ಲಕ್ಷ ಹೋದದ್ದೇ ಗೊತ್ತಾಗಬಾರದು ಎಂದರೆ ಉಳಿದದ್ದು ಎಷ್ಟಿರಬೇಕು ಎಂದು ಎಲ್ಲರೂ ಮನಸ್ಸಿನಲ್ಲೇ ಗುಣಾಕಾರ ಮಾಡತೊಡಗಿದ್ದರು. ವಾಡಿಯ ಡಾಕ್ಟರು ಆನಂದಕುಮಾರರ ಎಲೆಗೆ ತಾವೇ ಇನ್ನೊಂದು ಹೋಳಿಗೆ ಬಡಿಸಿದರು. ಸಂಗಮೇಶ್ವರರು ಬಡಿಸುವವನ ಕಡೆಗೆ ಚಾಚಿದ್ದ ಕೈ ಹಾಗೇ ಉಳಿಯಿತು. ಹೋಳಿಗೆಯ ತಟ್ಟೆ ಅವರನ್ನು ದಾಟಿ ಹೋಗಿತ್ತು.

"ನಮ್ಮಲ್ಲಿ ಏಳು," ಎಂದರು ಸಂಗಮೇಶ್ವರರು.

ಎಲ್ಲರೂ ತಿರುಗಿ ನೋಡಿದರು. ಯಾರು ಮಾಡಿದ್ದು ಎಂದು ಯಾರೋ ಕೇಳಿದರು. ಸಂಗಮೇಶ್ವರರು ಮಜ್ಜಿಗೆಯ ಲೋಟವನ್ನು ನಿಧಾನವಾಗಿ ಕೆಳಗಿಟ್ಟು, ಯಾರನ್ನು ನಂಬಿರುತ್ತೇವೋ ಅವರೇ, ಎಂದಷ್ಟೇ ಹೇಳಿ ನಿಟ್ಟುಸಿರು ಬಿಟ್ಟರು. ಅವರು ಯಾರ ಹೆಸರನ್ನೂ ಹೇಳಲಿಲ್ಲ ಎಂಬುದನ್ನು ನ್ಯಾಯವಾಗಿ ಇಲ್ಲಿ ಹೇಳಲೇಬೇಕು. ಆದರೆ ಅವರ ದವಾಖಾನೆಯಲ್ಲಿದ್ದ ನೌಕರರೇ ಇಬ್ಬರು, ಅದರಲ್ಲಿ ಹಣದ ಡ್ರಾ ನೋಡಿಕೊಳ್ಳುವವರು ಒಬ್ಬರೇ. ಉಳಿದ ಲೆಕ್ಕವನ್ನು ಶಾಲೆಗೆ ಹೋಗದವರೂ ಮಾಡಬಹುದಿತ್ತು. ಹೋಳಿಗೆಯ ತಟ್ಟೆ ಮಾತ್ರ ಹಿಂದಿರುಗಿ ಬಂತು.

ಸಂಗಮೇಶ್ವರರ ಹಳೆಯ ಕಾರು ಮಳಖೇಡದ ಹತ್ತಿರ ಬಿಸಿಯಾಗಿ ಅರ್ಧ ಗಂಟೆ ನಿಂತಿತು. ಅಷ್ಟರಲ್ಲಿ ವಾಡಿಯ ಡಾಕ್ಟರು ಸ್ಟೇಷನ್ನಿನಲ್ಲಿ ಪರಿಚಯದ ಟಿಕೆಟ್ ತಪಾಸಣೆಯವರಿಗೆ ಈ ವಿಷಯ ಹೇಳಿ, ಅವರು ಅದನ್ನು ಪ್ಯಾಸೆಂಜರ್ ಗಾಡಿಯಲ್ಲಿ ಹತ್ತಿಸಿಯಾಗಿತ್ತು. ಹೀಗಾಗಿ ಏಳು ಲಕ್ಷ ಕಳಕೊಂಡ ಸುದ್ದಿ, ಅದನ್ನು ಕಳಕೊಂಡವರಿಗಿಂತ ಮೊದಲೇ ಸೇಡಂ ತಲುಪಿತು.

ಮರುದಿನದಿಂದ ಡಾಕ್ಟರಿಗೆ ಊರು ಬೇರೆಯಾಗಿ ಕಂಡಿತು. ಕೆಳಗಿನ ಗೊಬ್ಬರದಂಗಡಿಯವರು ಕುರ್ಚಿ ಬಿಟ್ಟೆದ್ದು ನಮಸ್ಕಾರ ಮಾಡಿದರು. ಬ್ಯಾಂಕಿನ ಮ್ಯಾನೇಜರು, ಪಾಸ್‌ಬುಕ್ ತುಂಬಿಸಲು ಹೋದ ಡಾಕ್ಟರನ್ನು ಒಳಗೆ ಕರೆದು ಚಹಾ ಕುಡಿಸಿ, ಇನ್ನು ಮುಂದೆ ಇಷ್ಟು ಹಣ ದವಾಖಾನೆಯಲ್ಲಿ ಇಡಬಾರದು ಸರ್ ಎಂದು ಬುದ್ಧಿ ಹೇಳಿದರು. ರಿಂಗ್ ರೋಡಿನ ಪ್ಲಾಟುಗಳ ದಲ್ಲಾಳಿಯೊಬ್ಬ ಹಲ್ಲುನೋವಿಲ್ಲದಿದ್ದರೂ ಮಹಡಿ ಹತ್ತಿ ಬಂದು ನಕ್ಷೆ ಬಿಡಿಸಿದ. ಮೂರು ವರ್ಷಗಳಿಂದ ಮಾತು ಬಿಟ್ಟಿದ್ದ ಷಡ್ಡಕರು ಫೋನು ಮಾಡಿ ಆರೋಗ್ಯ ವಿಚಾರಿಸಿ, ಟ್ರ್ಯಾಕ್ಟರಿನ ಕಂತಿನ ಮಾತಿಗೆ ಬಂದರು. ಸಂಗಮೇಶ್ವರರು ಯಾರಿಗೂ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ತುಸು ನಕ್ಕು, ಹೋಗಲಿ ಬಿಡ್ರಿ, ಎನ್ನುತ್ತಿದ್ದರು. ಏಳು ಲಕ್ಷಕ್ಕೆ ಹೋಗಲಿ ಬಿಡ್ರಿ ಎನ್ನುವ ಮನುಷ್ಯನನ್ನು ಸೇಡಂ ಪೇಟೆ ಹಿಂದೆಂದೂ ಕಂಡಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತು. ಆದರೆ ಕಳುವಾದ ದವಾಖಾನೆಗೆ ತಕ್ಕ ಬಂದೋಬಸ್ತು ಬೇಡವೇ? ತಜ್ಞರು ಹೇಳಿದ್ದರಲ್ಲಿ ನೆನಪಿದ್ದಷ್ಟನ್ನು ಡಾಕ್ಟರು ಜಾರಿಗೆ ತಂದರು. ಹಣದ ಡ್ರಾ ಕಾಣುವ ಹಾಗೆ ಒಂದು ಕ್ಯಾಮೆರಾ ಹಾಕಿಸಿದರು. ನೌಕರರಿಗೆ ವರ್ಷಕ್ಕೊಮ್ಮೆ ಒಂದು ವಾರ ಕಡ್ಡಾಯ ರಜೆ ಕೊಡಬೇಕು, ಅವರಿಲ್ಲದಾಗಲೇ ಎಲ್ಲ ಹೊರಬೀಳುತ್ತದೆ, ಎಂದಿದ್ದರು ತಜ್ಞರು. ಎರಡನೆಯ ಭಾಗವನ್ನು ಮರೆತು ಮೊದಲನೆಯದನ್ನಷ್ಟೇ ನೆನೆದ ಡಾಕ್ಟರು ಉಮಾದೇವಿಯವರನ್ನು ಕರೆದು, ನಾಳೆಯಿಂದ ಒಂದು ವಾರ ರಜೆ ಎಂದರು. ಪಾಪ, ಹನ್ನೊಂದು ವರ್ಷದಲ್ಲಿ ದಣಿದಿದ್ದಾರೆ, ಆರಾಮ ಮಾಡಲಿ ಎಂಬುದೇ ಅವರ ಮನಸ್ಸಿನಲ್ಲಿತ್ತು.

ಉಮಾದೇವಿಯವರು ಕ್ಯಾಮೆರಾ ನೋಡಿದರು. ಡಾಕ್ಟರನ್ನು ನೋಡಿದರು.

"ನಾ ರಜಾ ಕೇಳೇ ಇಲ್ಲಲ್ಲರಿ ಸರ್."

ಅದಕ್ಕೇ ಕೊಡುತ್ತಿರುವುದು ಎಂದು ಡಾಕ್ಟರು ಅಭಿಮಾನದಿಂದ ಹೇಳಿದರು. ಉಮಾದೇವಿಯವರು ಡ್ರಾದ ಕೀಲಿಯನ್ನು ಟೇಬಲ್ಲಿನ ಮೇಲಿಟ್ಟು, ಊಟದ ಡಬ್ಬಿ ಎತ್ತಿಕೊಂಡು, ಆದಿತ್ಯನಗರದ ಬಸ್ಸು ಹಿಡಿದರು. ಅವರ ಗಂಡ ಅಲ್ಲಿನ ಸಿಮೆಂಟ್ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದರು. ಗಂಡ, ಅತ್ತೆಯೊಂದಿಗೆ ಕ್ವಾರ್ಟರ್ಸಿನಲ್ಲಿ ಅವರ ವಾಸ. ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಜಾಗ ಬಿಟ್ಟು ದೂರ ಸರಿದು ಕೂತು, ತನ್ನ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಾಗ ಉಮಾದೇವಿಯವರಿಗೆ ಏನೋ ಆಗಿದೆ ಎಂದು ತಿಳಿಯಿತು. ಮನೆ ಮುಟ್ಟುವಷ್ಟರಲ್ಲಿ ಎಲ್ಲವೂ ತಿಳಿಯಿತು.

ಮರುದಿನ ಮುಂಜಾನೆ ದವಾಖಾನೆ ತೆರೆಯುವ ಹೊತ್ತಿಗೆ ಉಮಾದೇವಿಯವರ ಅತ್ತೆ ರತ್ನಾಬಾಯಿ ಬಂದರು. ಎಪ್ಪತ್ತು ದಾಟಿದ, ಕಚ್ಚೆ ಸೀರೆಯ, ಹಣೆತುಂಬ ವಿಭೂತಿಯ ಹೆಂಗಸು. ಕಾಯುತ್ತಿದ್ದ ಮೂವರನ್ನು ದಾಟಿ ನೇರವಾಗಿ ಒಳಗೆ ನಡೆದು, ಹಲ್ಲು ಕೀಳುವ ಕುರ್ಚಿ ಹತ್ತಿ ಕೂತರು. ಡಾಕ್ಟರು ಕೈಗವಸು ಹಾಕಿಕೊಳ್ಳುತ್ತ, ಯಾವ ಹಲ್ಲು ನೋಯುತ್ತದೆ ಎಂದು ಕೇಳಿದರು.

"ಇರೂದೇ ನಾಕ ಹಲ್ಲು, ನಾಕೂ ಚಂದ ಅವ," ಎಂದರು ರತ್ನಾಬಾಯಿ. "ನಾ ಅದಕ್ಕ ಬಂದಿಲ್ಲ. ನನ್ನ ಸೊಸಿ ಆ ಏಳು ಲಕ್ಷ ಎಲ್ಲಿ ಇಟ್ಟಾಳ, ನಿಮಗರ ಗೊತ್ತದೇನ್ರಿ?"

ಡಾಕ್ಟರು ಕಕ್ಕಾಬಿಕ್ಕಿಯಾದರು. ರತ್ನಾಬಾಯಿ ಆರಾಮವಾಗಿ ಒರಗಿ ಕೂತು ಹೇಳುತ್ತ ಹೋದರು. ಜೋಳದ ಡಬ್ಬಿ ಸುರುವಿ ನೋಡಿದ್ದರಂತೆ. ಗಾದಿಯ ಹೊಲಿಗೆ ಬಿಚ್ಚಿದ್ದರಂತೆ. ದೇವರ ಜಗಲಿಯ ಹಿಂದೆಯೂ ಕೈಯಾಡಿಸಿ ದೇವರಲ್ಲಿ ತಪ್ಪಾಯಿತೆಂದು ಕೇಳಿಕೊಂಡಿದ್ದರಂತೆ. ಸಿಕ್ಕಿದ್ದು ಒಂದು ಹಳೆಯ ಬೆಳ್ಳಿಯ ಉಂಗುರ ಮಾತ್ರ. ಸೊಸೆ ಅತ್ತು ಅತ್ತು ಈಗ ಅಳುವುದನ್ನೂ ಬಿಟ್ಟು ಸುಮ್ಮನೆ ಕೂತಿದ್ದಾಳೆ, ಮಗ ಡ್ಯೂಟಿಗೆ ಹೋದರೆ ಪ್ಯಾಕಿಂಗ್‌ನವರು ಅವನಿಗೆ ಸಾಲ ಕೇಳುತ್ತಾರೆ.

"ಏಳು ಲಕ್ಷ ತಗೊಂಡಾಳ ಅಂದ್ರ ಹನ್ನೊಂದು ವರ್ಷದಾಗ ನನಗ ಒಂದು ಇಳಕಲ್ ಸೀರಿ ಯಾಕ ತಂದಿಲ್ಲ, ಅದನ್ನ ಹೇಳ್ರಿ. ಇಲ್ಲ, ಆಕಿ ತಗೊಂಡೇ ಇಲ್ಲ ಅಂದ್ರ ಅದನ್ನರ ಹೇಳ್ರಿ. ನಾ ಎರಡರಾಗ ಒಂದು ಕೇಳಿಕೊಂಡು ಹೋಗ್ತೀನಿ."

ಡಾಕ್ಟರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವಂತಿರಲಿಲ್ಲ. ಆಕೆ ತೆಗೆದುಕೊಂಡಿಲ್ಲ ಎಂಬ ಮಾತು ಅವರ ನಾಲಗೆಯ ತುದಿಯವರೆಗೂ ಬಂತು. ಆದರೆ ಬಾಗಿಲಿನಲ್ಲಿ ಕಾಯುತ್ತಿದ್ದ ಮೂವರು ಕತ್ತು ಚಾಚಿ, ಏಳು ಲಕ್ಷದ ಧಣಿಯನ್ನು ನೋಡುವ ಕಣ್ಣಿನಿಂದ ಅವರನ್ನೇ ನೋಡುತ್ತಿದ್ದರು. ನಾಲಗೆ ತಿರುಗಿತು.

"ತನಿಖೆ ನಡದಾದ್ರಿ ಅವ್ವಾರ," ಎಂದುಬಿಟ್ಟರು.

ರತ್ನಾಬಾಯಿ ಅವರ ಮುಖವನ್ನೊಮ್ಮೆ ನೋಡಿ, ಕುರ್ಚಿಯಿಂದಿಳಿದು ಹೋದರು.

ಆ ಸಂಜೆ ಮನೆಯಲ್ಲಿ ಹೆಂಡತಿ ರಾಜೇಶ್ವರಿ ಕಾಯುತ್ತಿದ್ದರು. ಅವರು ಸರಕಾರಿ ಶಾಲೆಯ ಟೀಚರು. ಸುದ್ದಿ ಅವರಿಗೆ ಸ್ಟಾಫ್ ರೂಮಿನಲ್ಲಿ ಸಿಕ್ಕಿತ್ತು. ಅವರು ಸಿಟ್ಟಾಗಲಿಲ್ಲ. ಚಹಾ ಕೊಟ್ಟು, ಎದುರಿಗೆ ಕೂತು, ಬೋರಿನ ಮೋಟಾರು ಸುಟ್ಟು ಎಷ್ಟು ದಿನವಾಯಿತು ಎಂದು ಕೇಳಿದರು. ಮುಂದಿನ ತಿಂಗಳು ಮಾಡಿಸೋಣ ಎಂದು ನೀವು ಹೇಳಿ ಎಷ್ಟು ತಿಂಗಳಾಯಿತು ಎಂದು ಕೇಳಿದರು. ಆಮೇಲೆ, ಆ ಏಳು ಲಕ್ಷ ಯಾವ ಊರಿನಲ್ಲಿತ್ತು ಎಂದು ಕೇಳಿದರು. ಸಂಗಮೇಶ್ವರರು ಹೋಳಿಗೆಯಿಂದ ಆರಂಭಿಸಿ ಎಲ್ಲವನ್ನೂ ಹೇಳಿದರು. ಹೋಗಿ ಈಗಲೇ ಸುಳ್ಳೆಂದು ಹೇಳಿ ಬನ್ನಿ ಎಂದರು ರಾಜೇಶ್ವರಿ. ನಾಲ್ಕು ದಿನ ಹೋದರೆ ಜನ ತಾವೇ ಮರೆಯುತ್ತಾರೆ ಎಂದರು ಡಾಕ್ಟರು.

ಜನ ಮರೆಯುವ ಮೊದಲು ಶಹಾಬಾದಿನಿಂದ ಅಬ್ದುಲ್ ಕರೀಮ್ ಸಾಹೇಬರ ಫೋನು ಬಂತು. ಅವರು ಡಾಕ್ಟರ ಆದಾಯ ತೆರಿಗೆಯ ಕೆಲಸ ನೋಡುವವರು, ಮೆಲುಮಾತಿನ ಮನುಷ್ಯ.

"ಡಾಕ್ಟರ್ ಸಾಬ್, ಹೋದ ವರ್ಷ ನಿಮ್ಮ ಆಮದನಿ ಆರು ಲಕ್ಷ ಅಂತ ನಾನೇ ತುಂಬೀನಿ. ಅದರಾಗಿಂದ ಏಳು ಲಕ್ಷ ಹ್ಯಾಂಗ ಹೋಯ್ತು, ಜರಾ ನನಗೂ ಸಮಝಾಯಿಸ್ರಿ."

ಡಾಕ್ಟರು ಸಮಜಾಯಿಸಲು ಹೋಗಿ ಕೆಮ್ಮಿದರು. ಕರೀಮ್ ಸಾಹೇಬರು ತಾಳ್ಮೆಯಿಂದ ವಿವರಿಸಿದರು. ಕಳುವಾಗಿದ್ದರೆ, ತೋರಿಸದ ಆದಾಯ ಎಲ್ಲಿಂದ ಬಂತೆಂದು ಇಲಾಖೆ ಕೇಳುತ್ತದೆ. ಕಳುವಾಗಿಲ್ಲದಿದ್ದರೆ ಕೇಳುವುದಿಲ್ಲ. ಕಳ್ಳ ಸಿಕ್ಕರೆ ಅವನಿಗೂ ನಿಮಗೂ ಒಂದೇ ದಿನ ನೋಟಿಸು ಬರುತ್ತದೆ, ಆದ್ದರಿಂದ ಕಳ್ಳ ಸಿಗದಿರುವುದೇ ಬೆಹತರ್ ಎಂದರು. ಆ ರಾತ್ರಿ ಡಾಕ್ಟರ ಊಟ ಅರ್ಧಕ್ಕೇ ನಿಂತಿತು.

ಶುಕ್ರವಾರ ಠಾಣೆಯ ಪಿಎಸ್ಐ ಸಾಹೇಬರು ಬಂದರು. ಕೇಸಿಗಲ್ಲ, ದವಡೆಹಲ್ಲಿಗೆ. ಡಾಕ್ಟರಿಗೆ ಅಷ್ಟರಮಟ್ಟಿಗೆ ನೆಮ್ಮದಿಯಾಯಿತು. ಸಾಹೇಬರನ್ನು ಒರಗಿಸಿ, ಹತ್ತಿ ಇಟ್ಟು ಕೆಲಸಕ್ಕೆ ತೊಡಗಿದರು. ಪಕ್ಕದಲ್ಲಿ ಬಾಯಿಯ ನೀರು ಎಳೆಯುವ ನಳಿಗೆ ಹಿಡಿದು ನಿಂತಿದ್ದವನು ಸಹಾಯಕ ನರಸಪ್ಪ. ಕುಂಚಾವರಂ ಕಡೆಯವನು, ಆರು ವರ್ಷಗಳಿಂದ ಅಲ್ಲಿದ್ದ, ಕೇಳಿದ್ದನ್ನು ಕೈಗೆ ಕೊಡುವುದಲ್ಲದೆ ಬೇರೆ ಮಾತಿಲ್ಲದವನು. ಒಮ್ಮೆ ಬಾಯಿ ಮುಕ್ಕಳಿಸಲು ಎದ್ದಾಗ ಸಾಹೇಬರು, ಇಷ್ಟು ದೊಡ್ಡ ಕಳುವಾದರೂ ದೂರು ಯಾಕೆ ಕೊಟ್ಟಿಲ್ಲ ಎಂದು ಕೇಳಿದರು. ಪೊಲೀಸರ ಮುಂದೆ ಸಣ್ಣವನಾಗುವುದು ಬೇಡವೆಂದು ಡಾಕ್ಟರು ಗಂಭೀರವಾದರು.

"ಯಾರಂತ ನನಗ ಗೊತ್ತದ್ರಿ ಸಾಹೇಬ್ರ. ತಾವಾಗೇ ಬಂದು ಒಪ್ಪಿಕೊಳ್ಳಲಿ ಅಂತ ಬಿಟ್ಟೀನಿ."

ನರಸಪ್ಪನ ಕೈಯಲ್ಲಿದ್ದ ನಳಿಗೆ ಜಾರಿ ಸಾಹೇಬರ ಮೀಸೆಯ ಒಂದು ತುದಿಯನ್ನು ಎಳೆದುಕೊಂಡಿತು. ಅದನ್ನು ಬಿಡಿಸುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಮೀಸೆ ಬಿಡಿಸಿಕೊಂಡ ಸಾಹೇಬರು, ಇಂಥದ್ದನ್ನು ಹಾಗೆ ಬಿಡಲಾಗದು, ನಾಳೆ ಮುಂಜಾನೆಯೇ ಆ ಹೆಣ್ಣುಮಗಳನ್ನು ಠಾಣೆಗೆ ಕರೆಸಿ ಕೇಳುತ್ತೇನೆ ಎಂದು ಹೇಳಿ, ಫೀಸು ಕೊಟ್ಟು ಹೋದರು. ಸಂಗಮೇಶ್ವರರು ತಮ್ಮ ಕುರ್ಚಿಯಲ್ಲೇ ತಾವು ಕುಸಿದು ಕೂತರು. ಹನ್ನೊಂದು ವರ್ಷ ಅವರ ಟೇಬಲ್ಲು ಕಾದ ಹೆಣ್ಣುಮಗಳು ನಾಳೆ ಠಾಣೆಯ ಬೆಂಚಿನಲ್ಲಿ ಕೂರಬೇಕು, ಒಂದು ಹೋಳಿಗೆಯ ಸಲುವಾಗಿ.

ನರಸಪ್ಪ ಬಾಗಿಲು ಹಾಕಿದ. ಒಳಗಿನಿಂದ ಹಾಕಿದ. ಬಂದು ಕುರ್ಚಿಯ ಕಾಲಿನ ಹತ್ತಿರ ಕೂತ.

"ಸರ್, ಗೊತ್ತದ ಅಂದ್ರಿ. ನಿಮಗ ಗೊತ್ತಾದ ಮ್ಯಾಲ ನಾ ಯಾಕ ಮುಚ್ಚಿಡ್ಲಿ. ಆದ್ರ ಏಳು ಲಕ್ಷ ಎಲ್ಲಾ ನನ್ನ ತಲಿ ಮ್ಯಾಲ ಹಾಕಬ್ಯಾಡ್ರಿ. ನಾ ತಗೊಂಡಿದ್ದು ಬರೇ ಕುರ್ಚಿ ಚಾರ್ಜ್."

ಯಾವ ಕುರ್ಚಿ ಚಾರ್ಜ್ ಎಂದು ಡಾಕ್ಟರು ಕೇಳಿದರು. ನರಸಪ್ಪ ಹೇಳಿದ.

ಸಂತೆಯ ದಿನ ಕುಂಚಾವರಂ ಕಡೆಯ ತಾಂಡಾ, ಹಳ್ಳಿಗಳಿಂದ ಬರುವ ಬಹಳಷ್ಟು ಜನ ತೆಲುಗು ಮಾತಾಡುವವರು. ಡಾಕ್ಟರಿಗೂ ಉಮಾದೇವಿಯವರಿಗೂ ತೆಲುಗು ಬರುತ್ತಿರಲಿಲ್ಲ. ಅವರ ಜೊತೆ ಮಾತೆಲ್ಲ ನರಸಪ್ಪನದೇ, ಫೀಸು ಇಸಕೊಂಡು ಉಮಾದೇವಿಯವರ ಕೈಗೆ ಕೊಡುವುದೂ ಅವನೇ. ಒಂದು ಹಲ್ಲು ಕೀಳಲು ಮುನ್ನೂರು. ದೂರದಿಂದ ಬರುವವರು, ಜೀಪಿನ ಬಾಡಿಗೆಗಾದರೂ ಆಗಲಿ ಎಂದು ಡಾಕ್ಟರು ಆ ಕಡೆಯವರಿಗೆ ಐವತ್ತು ಬಿಡಲು ಹೇಳಿದ್ದರು. ಬಿಟ್ಟ ಐವತ್ತನ್ನು ನರಸಪ್ಪ ಬಿಟ್ಟಿರಲಿಲ್ಲ. ಹಲ್ಲು ಕೀಳಲು ಇನ್ನೂರೈವತ್ತು, ಕುರ್ಚಿ ಹಿಂದಕ್ಕೆ ಒರಗಿಸಲು ಐವತ್ತು ಬೇರೆ ಎಂದು ಮೆಟ್ಟಿಲಿನಲ್ಲೇ ಹೇಳಿ ಇಸಕೊಳ್ಳುತ್ತಿದ್ದ. ನಾಲ್ಕು ವರ್ಷ ಹೀಗೆ ನಡೆದು, ಅದರಲ್ಲಿ ಒಂದು ಹಳೆಯ ಬೈಕು ಬಂದಿತ್ತು.

ಆಗ ಡಾಕ್ಟರಿಗೆ ಒಂದು ದೊಡ್ಡ ಒಗಟು ಬಿಡಿಸಿದಂತಾಯಿತು. ಕುಂಚಾವರಂ ಕಡೆಯ ಕೆಲವರು ಎಷ್ಟು ಹೇಳಿದರೂ ಕುರ್ಚಿಯಲ್ಲಿ ಒರಗುತ್ತಿರಲಿಲ್ಲ. ಮುದುಕನೊಬ್ಬ ಮದುಮಗನ ಹಾಗೆ ನೆಟ್ಟಗೆ ಕೂತೇ ಎರಡು ದವಡೆಹಲ್ಲು ಕೀಳಿಸಿಕೊಂಡಿದ್ದ. ಡಾಕ್ಟರು ನೆಲಕ್ಕೆ ಮಂಡಿಯೂರಿ, ಬಂಡಿಯ ಕೆಳಗೆ ಇಣುಕುವವರ ಹಾಗೆ ಅವನ ಬಾಯಿಯನ್ನು ನೋಡಬೇಕಾಗಿತ್ತು. ಹೆಂಗಸೊಬ್ಬಳು ಕುರ್ಚಿಯೇ ಬೇಡವೆಂದು ಗೋಡೆ ಹಿಡಿದು ನಿಂತಿದ್ದಳು. ಆ ಭಾಗದವರ ಕತ್ತಿನ ಮೂಳೆಯಲ್ಲೇ ಏನೋ ವಂಶಪಾರಂಪರ್ಯದ ದೋಷವಿದೆ ಎಂದು ಡಾಕ್ಟರು ಒಮ್ಮೆ ಇಂಥದೇ ಸಭೆಯಲ್ಲಿ ಅಭಿಪ್ರಾಯ ಮಂಡಿಸಿದ್ದೂ ಉಂಟು.

ನಿಜ ಹೇಳಬೇಕೆಂದರೆ ಸಂಗಮೇಶ್ವರರಿಗೆ ಮೊದಲು ಬಂದದ್ದು ಸಿಟ್ಟಲ್ಲ, ಒಂದು ಸಣ್ಣ ಸಂತೋಷ. ಹಾಗಾದರೆ ತಮ್ಮ ದವಾಖಾನೆಯಲ್ಲೂ ಕಳುವಾಗುವುದಕ್ಕೆ ಏನೋ ಇತ್ತು. ಸಿಟ್ಟು ಅದರ ಹಿಂದೆಯೇ ಬಂತು. ಬಂದ ಸಿಟ್ಟಿನಲ್ಲಿ ಯಾರನ್ನು ಬೈಯಬೇಕೆಂದು ತಿಳಿಯದೆ, ಎದ್ದು ಹೋಗಿ ಕ್ಯಾಮೆರಾ ಆರಿಸಿ ಬಂದರು. ನಾಳೆ ಬಾ, ಹೇಳುತ್ತೇನೆ, ಎಂದು ನರಸಪ್ಪನನ್ನು ಕಳಿಸಿ, ಶಾಲೆಯ ಗೇಟಿಗೆ ಹೋಗಿ ಹೆಂಡತಿಯನ್ನು ಕೂರಿಸಿಕೊಂಡು, ಕಾರನ್ನು ಆದಿತ್ಯನಗರದ ಕಡೆಗೆ ತಿರುಗಿಸಿದರು.

ಕ್ವಾರ್ಟರ್ಸಿನ ಓಣಿಯಲ್ಲಿ ನಲ್ಲಿಯ ನೀರು ಬಿಡುವ ಹೊತ್ತು. ಕೊಡ ಹಿಡಿದ ಹೆಂಗಸರು, ಶಿಫ್ಟು ಮುಗಿಸಿ ಬಂದ ಗಂಡಸರು, ಎಲ್ಲರೂ ಹೊರಗೇ ಇದ್ದರು. ಉಮಾದೇವಿಯವರು ಬಾಗಿಲಿನಲ್ಲಿ ಬಂದು ನಿಂತರು. ನಾಲ್ಕು ದಿನದಲ್ಲಿ ಅವರ ಮುಖ ಇಳಿದುಹೋಗಿತ್ತು. ಬಂದವರಿಗೆ ಕುರ್ಚಿ ಹಾಕಿ, ನೀರು ಕೊಟ್ಟರು. ಡಾಕ್ಟರು ನೀರಿನ ಲೋಟ ಹಿಡಿದೇ, ಮೆಲ್ಲಗೆ, ನನ್ನದು ತಪ್ಪಾಯಿತು ಎಂದು ಶುರುಮಾಡಿದರು.

"ಒಳಗ ಬ್ಯಾಡ್ರಿ ಸರ್," ಎಂದರು ಉಮಾದೇವಿ. "ಹೊರಗ ಹೇಳ್ರಿ."

ಡಾಕ್ಟರು ಹೊರಗೆ ಬಂದು ಮನೆಯ ಮುಂದಿನ ಕಲ್ಲಿನ ಕಟ್ಟೆಯ ಮೇಲೆ ನಿಂತರು. ನಲ್ಲಿಯೊಂದು ತುಂಬಿದ ಕೊಡದ ಮೇಲೆ ಸುರಿಯುತ್ತಲೇ ಇತ್ತು. ತಮ್ಮ ದವಾಖಾನೆಯಿಂದ ಏಳು ಲಕ್ಷ ಹೋಗಿಲ್ಲ, ತಮ್ಮ ಹತ್ತಿರ ಏಳು ಲಕ್ಷ ಎಂದೂ ಇರಲಿಲ್ಲ, ದೊಡ್ಡಸ್ತಿಕೆಗೆ ಒಂದು ಸುಳ್ಳು ಹೇಳಿದೆ, ಉಮಾದೇವಿಯವರು ಒಂದು ಪೈಸೆ ಮುಟ್ಟಿದವರಲ್ಲ, ಎಂದು ಹೇಳಿ ಕೈ ಮುಗಿದರು. ಅವರ ಜೀವಮಾನದಲ್ಲಿ ಅಷ್ಟು ಕಷ್ಟದ ಹಲ್ಲನ್ನು ಅವರು ಕಿತ್ತಿರಲಿಲ್ಲ.

ಯಾರೂ ನಂಬಲಿಲ್ಲ.

ನೀರಿನ ಸಾಲಿನಲ್ಲಿದ್ದ ಅನಸುಬಾಯಿ ಎಂಬಾಕೆ, ಟ್ಯಾಕ್ಸಿನವರ ಅಂಜಿಕೆಗೆ ಹೀಗೆ ಹೇಳುತ್ತಿದ್ದಾರೆ ಎಂದು ಪಕ್ಕದವಳಿಗೆ ವಿವರಿಸಿದಳು. ಒಳಗೊಳಗೇ ಇಬ್ಬರಿಗೂ ರಾಜಿಯಾಗಿದೆ, ಅರ್ಧರ್ಧ ಹಂಚಿಕೊಂಡಿದ್ದಾರೆ ಎಂದ ಒಬ್ಬ. ಇಷ್ಟು ಶ್ರೀಮಂತರಾದರೂ ಎಷ್ಟು ವಿನಯ ನೋಡ್ರಿ ಎಂದು ಇನ್ನೊಬ್ಬ ಮೆಚ್ಚಿಕೊಂಡ. ಸುಳ್ಳು ಹೇಳಿದಾಗ ಒಂದೇ ಮಾತಿಗೆ ನಂಬಿದ್ದ ಜನ, ನಿಜ ಹೇಳುವಾಗ ಸಾಕ್ಷಿ ಕೇಳುತ್ತಿದ್ದರು. ಡಾಕ್ಟರು ಮತ್ತೊಮ್ಮೆ ಮೊದಲಿನಿಂದ ಹೇಳಿದರು. ಅನುಮಾನ ಇನ್ನಷ್ಟು ಗಟ್ಟಿಯಾಯಿತು.

ಆಗ ರಾಜೇಶ್ವರಿ ಕಟ್ಟೆಗೆ ಬಂದರು. ಗಂಡನ ಕಡೆ ನೋಡಲಿಲ್ಲ, ಹೆಂಗಸರ ಕಡೆ ತಿರುಗಿದರು.

"ಅಲ್ರಿ, ನಮ್ಮ ಮನ್ಯಾಗ ಏಳು ಲಕ್ಷ ಇದ್ದಿದ್ರ, ಕಳ್ಳರು ಬರೂತನಕ ನಾ ಸುಮ್ನ ಬಿಡ್ತಿದ್ದೆನೇನು?"

 ಕೊಡ ಹಿಡಿದ ಹೆಂಗಸೊಬ್ಬಳು ನಕ್ಕಳು, ಅವಳ ಹಿಂದೆ ಸಾಲಿಡೀ ನಕ್ಕಿತು. ಇದು ಅವರಿಗೆಲ್ಲ ಅರ್ಥವಾಗುವ ಲೆಕ್ಕ. ಅನಸುಬಾಯಿ ಕೊಡ ಕೆಳಗಿಟ್ಟು ಬಂದು ಉಮಾದೇವಿಯವರ ಕೈ ಹಿಡಿದುಕೊಂಡಳು. ನಗದೆ ಉಳಿದವರು ರತ್ನಾಬಾಯಿ ಒಬ್ಬರೇ. ಅವರು ಹೊಸ್ತಿಲಲ್ಲಿ ಕೂತು, ನಾಲ್ಕು ದಿನಗಳಲ್ಲಿ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಆಸೆಯನ್ನೆಲ್ಲ ಇಳಿಸುತ್ತಿದ್ದರು.

"ಹಂಗಾದ್ರ ಏನೂ ಇಲ್ಲೇನು?" ಎಂದು ಸೊಸೆಯನ್ನು ಕೇಳಿದರು.

ಏನೂ ಇಲ್ಲ ಎಂದರು ಉಮಾದೇವಿ. ಅದನ್ನು ಹೇಳುವಾಗ ಅವರ ಕಣ್ಣು ಮತ್ತೆ ತುಂಬಿತು. ರತ್ನಾಬಾಯಿ ಎದ್ದು ಒಳಗೆ ಹೋಗಿ, ಬಿಚ್ಚಿದ ಗಾದಿಯನ್ನು ಹೊಲಿಯಲು ದಬ್ಬಣ ಹುಡುಕತೊಡಗಿದರು.

ಅಲ್ಲಿಂದಲೇ ಡಾಕ್ಟರು ಪಿಎಸ್ಐ ಸಾಹೇಬರಿಗೆ ಫೋನು ಮಾಡಿದರು.  ಕಳುವಾದದ್ದನ್ನು ಆಗಿಲ್ಲವೆಂದು ಮುಚ್ಚಿಟ್ಟವರನ್ನು ಬಹಳ ನೋಡಿದ್ದೇನೆ, ಆಗದ್ದನ್ನು ಆಯಿತೆಂದು ಮೆರೆಸಿದವರನ್ನು ಈಗಲೇ ನೋಡುತ್ತಿರುವುದು ಎಂದು ಹೇಳಿ ಸಾಹೇಬರು ಫೋನು ಇಟ್ಟರು. ದಂತವೈದ್ಯರ ವಾಟ್ಸಾಪ್ ಗುಂಪಿಗೂ ಡಾಕ್ಟರು ಉಮಾದೇವಿಯವರ ಎದುರಿಗೇ ಅದೇ ಮಾತನ್ನು ಧ್ವನಿ ಮುದ್ರಿಸಿ ಕಳಿಸಿದರು.  ಮರುದಿನ ಚಿತ್ತಾಪುರದ ಆನಂದಕುಮಾರರು ಫೋನು ಮಾಡಿ, ಬಿಸಿಲಿನ ಬಗ್ಗೆ, ತೊಗರಿಯ ರೇಟಿನ ಬಗ್ಗೆ ಮಾತಾಡಿ, ಕೊನೆಗೆ ತಮ್ಮ ಮೂರು ಲಕ್ಷದಲ್ಲೂ ಹೇಳುವಾಗ ಒಂದು ಸೊನ್ನೆ ಹೆಚ್ಚು ಬಿದ್ದಿತ್ತು ಎಂದು ಹೇಳಿದರು.

ಉಮಾದೇವಿಯವರು ಕೆಲಸಕ್ಕೆ ಮರಳಲು ಒಪ್ಪಿದರು, ಆದರೆ ಸುಮ್ಮನೆ ಅಲ್ಲ. ರಜೆಯ ವಾರ ಮುಗಿಸಿಯೇ ಬರುತ್ತೇನೆ, ಸಂಬಳ ಹಿಡಿಯಬಾರದು ಎಂದರು. ಇನ್ನು ಮೇಲೆ ದಿನಾ ಸಂಜೆ ಡಾಕ್ಟರು ತಾವೇ ಕೂತು ತಮ್ಮ ಜೊತೆ ಡ್ರಾ ನೋಡಬೇಕು ಎಂದರು. ಅದೆಲ್ಲ ಬೇಡ, ನಿಮ್ಮ ಮೇಲೆ ನನಗೆ ನಂಬಿಕೆಯಿದೆ ಎಂದು ಡಾಕ್ಟರು ಹೇಳಲು ಹೋದರು. ಉಮಾದೇವಿ ಕೈಯೆತ್ತಿ ತಡೆದರು.

"ನಿಮ್ಮ ನಂಬಿಕಿ ನನಗ ಭಾಳ ತುಟ್ಟಿ ಬಿತ್ರಿ ಸರ್. ನೀವು ನೋಡೇ ನಂಬ್ರಿ."

ನರಸಪ್ಪನ ವಿಷಯ ತಿಳಿದಾಗ ಅವರಿಗೆ ಬಂದ ಸಿಟ್ಟು ತಮ್ಮ ಸಲುವಾಗಿ ಬಂದದ್ದಕ್ಕಿಂತ ದೊಡ್ಡದು. ತಮ್ಮ ಕಣ್ಣೆದುರಿಗೆ, ತಮ್ಮ ಕೈಗೆ ಎಣಿಸಿ ಕೊಟ್ಟೇ ನಾಲ್ಕು ವರ್ಷ ಮೋಸ ಮಾಡಿದ್ದ. ಡಾಕ್ಟರು ಅವನನ್ನು ಕೆಲಸದಿಂದ ಬಿಡಿಸಿಬಿಡುವ ಯೋಚನೆಯಲ್ಲಿದ್ದರು. ಬಿಡಿಸಿದರೆ ಆ ಹಳ್ಳಿಯವರ ದುಡ್ಡು ಮರಳಿಸುವವರು ಯಾರು ಎಂದು ಕೇಳಿದವರು ಉಮಾದೇವಿ. ಹೀಗೆ ಬೈಕು ಮಾರಾಟವಾಯಿತು. ಸಂತೆಯ ದಿನ ನರಸಪ್ಪ ದವಾಖಾನೆಯ ಮೆಟ್ಟಿಲ ಬುಡದಲ್ಲಿ ನಿಂತು, ಹೋಗಿಬರುವವರಲ್ಲಿ ಗುರುತಿನ ಮುಖ ಕಂಡ ಕೂಡಲೇ ಕರೆದು, ಕುರ್ಚಿಯಲ್ಲಿ ಕೂತದ್ದಕ್ಕೆ ಇದು ನಿಮ್ಮ ಐವತ್ತು ಎಂದು ತೆಲುಗಿನಲ್ಲಿ ಹೇಳಿ ಕೈಗೆ ಕೊಡಬೇಕು. ಪಕ್ಕದಲ್ಲಿ ನಿಂತು ಉಮಾದೇವಿಯವರು ನೋಡಬೇಕು. ತಾನು ಕದ್ದೆನೆಂದು ನಾಲ್ಕು ಜನರೆದುರು ಹೇಳಲು ನಾಚಿ ನರಸಪ್ಪ ಅಷ್ಟೇ ಹೇಳುತ್ತಿದ್ದ. ಉಮಾದೇವಿಯವರು ತಾವೂ ಒಂದು ತೆಲುಗು ಮಾತು ಕಲಿತರು. ಮುಂದೆ ಆ ಕಡೆಯಿಂದ ಬರುವ ಪ್ರತಿಯೊಬ್ಬರಿಗೂ ಅವರೇ ನೇರವಾಗಿ ಕೇಳುವುದು: ಎಂತ ಇಚ್ಚಾರು? ಎಷ್ಟು ಕೊಟ್ಟಿರಿ, ಎಂದರ್ಥ. ನಡುವೆ ನರಸಪ್ಪ ಬೇಡ.

ಒಂದು ಸಂತೆ ಹೀಗೆ ಕಳೆಯಿತು. ಐವತ್ತರ ನೋಟು ಹಿಡಿದು ಹೋದವರು ಕಾಡು ದಾಟಿ ಊರು ಸೇರಿ ಏನು ಹೇಳಿದರೋ, ಅದು ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವಾಗ ಏನೇನಾಯಿತೋ, ಮುಂದಿನ ಸಂತೆಯ ಮುಂಜಾನೆ ಸಂಗಮೇಶ್ವರರು ಬಂದಾಗ ಕೆಳಗೆ ಮೂರು ಜೀಪುಗಳು ನಿಂತಿದ್ದವು. ಗೊಬ್ಬರದಂಗಡಿಯವರು ಇಷ್ಟು ಜನರಿಗೆ ಒಮ್ಮೆಲೇ ಹಲ್ಲುನೋವು ಹೇಗೆ ಬಂತೆಂದು ಕೇಳಿದರು. ಡಾಕ್ಟರಿಗೂ ಅರ್ಥವಾಗಲಿಲ್ಲ.

ಸಾಲಿನಲ್ಲಿ ಮೊದಲು ನಿಂತಿದ್ದವನು ಒಬ್ಬ ಮುದುಕ, ಒಗೆದ ಧೋತರ ಉಟ್ಟು ನೆಂಟರ ಮನೆಗೆ ಹೊರಟವನ ಹಾಗಿದ್ದ. ಉಮಾದೇವಿಯವರು ಪೆನ್ನು ಹಿಡಿದು, ಕಲಿತದ್ದನ್ನು ಸ್ಪಷ್ಟವಾಗಿ ಕೇಳಿದರು.

"ಎಂತ ಇಚ್ಚಾರು?"

ತೆಲುಗಿನಲ್ಲಿ ಆ ಮಾತಿಗೆ ಎಷ್ಟು ಕೊಟ್ಟಿರಿ ಎಂದೂ ಅರ್ಥ, ಎಷ್ಟು ಕೊಟ್ಟರು ಎಂದೂ ಅರ್ಥ.

"ಇಂಕಾ ಇವ್ವಲೇದಮ್ಮಾ," ಎಂದ ಮುದುಕ. ಇನ್ನೂ ಕೊಟ್ಟಿಲ್ಲ ತಾಯಿ, ಎಂದು. ಅದರಲ್ಲಿ ಸ್ವಲ್ಪ ದೂರಿನ ಧ್ವನಿಯೂ ಇತ್ತು.

ಆಮೇಲೆ ಯಾರೂ ಹೇಳದಿದ್ದರೂ ತಾನೇ ಒಳಗೆ ನಡೆದು, ಕುರ್ಚಿ ಹತ್ತಿ, ಹಾಯಾಗಿ ಹಿಂದಕ್ಕೆ ಒರಗಿ ಬಾಯಿ ತೆರೆದ. ಡಾಕ್ಟರು ದೀಪ ಹಾಕಿ ಬಗ್ಗಿ ನೋಡಿದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಆ ಬಾಯಿಯಲ್ಲಿ ಹೆಸರಿಗೂ ಒಂದು ಹಲ್ಲಿರಲಿಲ್ಲ. ಮುದುಕ ತೆರೆದ ಬಾಯಿ ಮುಚ್ಚದೆ, ಬಲಗೈಯನ್ನು ಮೆಲ್ಲಗೆ ಮುಂದಕ್ಕೆ ಚಾಚಿದ.

ಸಂಗಮೇಶ್ವರರು ಬಾಗಿಲ ಕಡೆ ನೋಡಿದರು. ಉಮಾದೇವಿಯವರು ಕಿಟಕಿಯಿಂದ ಕೆಳಗೆ ಬಗ್ಗಿ ನೋಡುತ್ತಿದ್ದರು. ಸಾಲು ಮೆಟ್ಟಿಲಿಳಿದು, ಗೊಬ್ಬರದಂಗಡಿ ದಾಟಿ, ಬಸ್ ನಿಲ್ದಾಣದ ಗೇಟಿನವರೆಗೆ ಹೋಗಿತ್ತು. ನಾಲ್ಕನೆಯ ಜೀಪು ಈಗಷ್ಟೇ ಬಂದು ನಿಲ್ಲುತ್ತಿತ್ತು.